ಎಮ್ಮೆಯ ಕೆಳಗಿನ ಎರಡು ಬುಟ್ಟಿ ಬೂದಿ

ನಮ್ಮೂರ ಬೂದಿದಿಬ್ಬ ಕಾಯುವ ಕನಕರಾಯಣ್ಣನವರಿಗೆ ಸಂತೆಕಲ್ಲೂರಿನ ಆದಮ್ಮನ ಶರಣು.

ದಿಬ್ಬದಾಗ ಬೂದಿ ತುಂಬುವಾಗ ನನ್ನನ್ನು ಹಿಡಿದರೂ ನೀವು ಕೇಸು ಹಾಕಲಿಲ್ಲ. ಆ ಉಪಕಾರ ಮರೆಯುವುದಿಲ್ಲ. "ಯವ್ವಾ, ನಾಕು ಸಾವಿರ ವರ್ಷದ ಹಿಂದ ಇಲ್ಲಿ ದನದ ದೊಡ್ಡಿ ಇತ್ತು. ಅವರು ಸಗಣಿ ಸುಟ್ಟು ಸುಟ್ಟು ಈ ದಿಬ್ಬ ಆಗೈತಿ. ನೀ ಒಯ್ದರ ಅವರ ಗುರುತು ಎಲ್ಲಿ ಉಳೀತೈತಿ?" ಎಂದಿರಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅಷ್ಟು ಸಮಾಧಾನದಿಂದ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ.

ಆದರೆ ಒಂದು ಮಾತು ಮುಚ್ಚಿಟ್ಟೆ. ಹಿಂದಿನ ದಿನವೇ ಎರಡು ಬುಟ್ಟಿ ಒಯ್ದು ಎಮ್ಮೆ ಕಟ್ಟುವಲ್ಲಿ ತೇವ ಹೀರಲೆಂದು ಹಾಸಿದ್ದೆ. ಎಮ್ಮೆ ಇಂದೋ ನಾಳೆಯೋ ಈಯುತ್ತದೆ. ಆಮೇಲೆ ಕೆರೆದು ತರಲೇನು? ಎಲ್ಲಿ ಸುರಿಯಬೇಕು, ತಿಳಿಸಿರಿ.

ಗಿಣ್ಣ ಕಳಿಸುತ್ತೇನೆ, ಲಂಚ ಅಂದುಕೊಳ್ಳಬೇಡಿರಿ. ಅವರ ದೊಡ್ಡಿಯ ಬೂದಿಯ ಮೇಲೆ ಇನ್ನೊಂದು ಕರು ಹುಟ್ಟಿದರೆ ಆ ಹಳೇ ಮಂದಿ ಸಿಟ್ಟಾಗಲಿಕ್ಕಿಲ್ಲ, ಅಲ್ಲೇನ್ರಿ?

ನಿಮ್ಮ ಉತ್ತರದ ದಾರಿ ಕಾಯುವ,
ಆದಮ್ಮ