ಒಳಗಿನಿಂದ ಬೀಗವಿಲ್ಲದ ತರಗತಿ

ನಮ್ಮ ಶಾಲಾ ಜಿಲ್ಲೆಯ ಹೊಣೆ ಹೊತ್ತ ಸೂಪರಿಂಟೆಂಡೆಂಟ್ ಮಾನ್ಯರೇ,

ನನಗೆ ಭಯವಾಗುತ್ತಿದೆ. ನಾನು ಹೈಸ್ಕೂಲಿನ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ಕೋಣೆಗೆ ಒಳಗಿನಿಂದ ಬೀಗ ಹಾಕಲು ಬರುವುದಿಲ್ಲ. ಬಂದೂಕು ಹಿಡಿದವನೊಬ್ಬ ಶಾಲೆಗೆ ನುಗ್ಗಿದರೆ ನಾನು ಮೊದಲು ಬಾಗಿಲು ತೆಗೆದು, ಕಾರಿಡಾರಿಗೆ ಹೋಗಿ, ಹೊರಗಿನಿಂದ ಕೀಲಿ ತಿರುಗಿಸಿ, ಆಮೇಲೆ ಒಳಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅಷ್ಟು ಹೊತ್ತು ಅವನು ಸೌಜನ್ಯದಿಂದ ಕಾಯುತ್ತಾನೆಂದು ತಮ್ಮ ಕಚೇರಿ ನಂಬಿದಂತಿದೆ. ಇಂಗ್ಲಿಷಿನಲ್ಲಿ ಎಷ್ಟೋ ಸಲ ಬರೆದೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಊರು ಬಿಟ್ಟು ಈ ದೇಶಕ್ಕೆ ಬಂದ ನಮ್ಮ ಕನ್ನಡದ ಮಕ್ಕಳ ಅಪ್ಪ ಅಮ್ಮಂದಿರಾದರೂ ಓದಲಿ ಎಂದು.

ಕಳೆದ ವಾರ ಮೈಕಿನಲ್ಲಿ ಲಾಕ್‌ಡೌನ್, ಎಲ್ಲರೂ ಬಾಗಿಲು ಹಾಕಿ ಅಡಗಿಕೊಳ್ಳಿ, ಎಂದು ಕೂಗಿದರು. ಅಣಕು ಅಭ್ಯಾಸವೋ ನಿಜವೋ ಹೇಳಲಿಲ್ಲ. ಕಾರಿಡಾರಿನಲ್ಲಿ ನನ್ನ ಕೈ ಎಷ್ಟು ನಡುಗಿತೆಂದರೆ ಕೀಲಿ ತೂತಿಗೇ ಹೋಗಲೊಲ್ಲದು. ಹೇಗೋ ಒಳಗೆ ಬಂದು, ದೀಪ ಆರಿಸಿ, ಗೋಡೆಗೆ ಆತು ಕೂತ ಮಕ್ಕಳ ಪಕ್ಕ ಕುಕ್ಕರಿಸಿದೆ. ಯಾರೋ ಬಾಗಿಲು ತಟ್ಟಿದರು. ನನ್ನ ಬಾಯಿಂದ ಬಂದದ್ದು, "ಬಂದೆ, ಬಂದೆ!"

ಮೈಸೂರಿನ ಮನೆಯಲ್ಲಿ ಬೆಳೆದವಳು ನಾನು. ಬಾಗಿಲು ತಟ್ಟಿದವರನ್ನು ಸುಮ್ಮನೆ ನಿಲ್ಲಿಸಬಾರದು, ಒಲೆ ಮುಂದಿದ್ದರೂ ಓಗೊಡಬೇಕು ಎಂದು ಕಲಿತವಳು. ಆ ಮಂಕು ಬೆಳಕಿನಲ್ಲಿ ಮಕ್ಕಳು ನನ್ನನ್ನು ನೋಡಿದ ನೋಟ ಹೇಳಲಾರೆ. ಸಿಯಾ ಎಂಬ ಹುಡುಗಿ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಳು, ಕೂಗಿದ್ದು ತಾನೇ ಎಂಬಂತೆ.

ತಟ್ಟಿದವರು ತಮ್ಮದೇ ಭದ್ರತಾ ಅಧಿಕಾರಿ, ನಮ್ಮನ್ನು ಪರೀಕ್ಷಿಸುತ್ತಿದ್ದರಂತೆ. ಶಿಕ್ಷಕಿ ಸದ್ದು ಮಾಡಿದರೆಂದು ವರದಿಯಾಯಿತು, ತಾವು ನನಗೆ ಸುಮ್ಮನಿರುವ ತರಬೇತಿ ದಯಪಾಲಿಸಿದಿರಿ. ಆಗಲಿ, ಕಲಿಯುತ್ತೇನೆ. ಬೀಗಕ್ಕೆ ಯಾವ ತರಬೇತಿ ಕೊಡುತ್ತೀರಿ?

ಮರುದಿನ ಜಾನ್ವಿ ಕಿಟಕಿ ಪಕ್ಕದ ಜಾಗ ಬಿಟ್ಟು ಬಾಗಿಲ ಪಕ್ಕ ಕೂತಿದ್ದಳು. ಹದಿನೈದರ ಹುಡುಗಿ, ನನ್ನ ಗೆಳತಿ ಲತಾಶ್ರೀಯ ಮಗಳು. ಲೆಮಾಂಟ್ ಊರಿನ ದೇವಸ್ಥಾನದಲ್ಲಿ ಸಿಕ್ಕರೆ ನಾನು ಆಂಟಿ. ಶಾಲೆಯಲ್ಲಿ ಕಟ್ಟುನಿಟ್ಟಾಗಿ ಮಿಸ್.

"ಯಾಕೆ ಪುಟ್ಟಿ, ಕಿಟಕಿ ಬೇಜಾರಾಯ್ತಾ?" ಎಂದೆ.

"ನೆಕ್ಸ್ಟ್ ಟೈಮ್ ಗಿವ್ ಮೀ ದ ಕೀ, ಆಂಟಿ. ಯುವರ್ ಹ್ಯಾಂಡ್ಸ್ ಶೇಕ್. ಐ ರನ್ ಟ್ರ್ಯಾಕ್." ಶಾಲೆಯ ಓಟದ ತಂಡದವಳು ಅವಳು. ಆಮೇಲೆ ಮೆಲ್ಲಗೆ, "ಡೋಂಟ್ ಟೆಲ್ ಅಮ್ಮ," ಎಂದಳು.

ಅಂದೇ ಲತಾಶ್ರೀಗೆ ಫೋನ್ ಮಾಡಿದೆ. "ಅವಳ ಕೈಗೆ ಮಾತ್ರ ಕೀ ಕೊಡ್ಬೇಡ ಕಣೇ," ಎಂದಳು.

ಮಾನ್ಯರೇ, ಈ ಸೋಮವಾರದೊಳಗೆ ಒಳಗಿನಿಂದ ತಿರುಗುವ ಬೀಗ ಹಾಕಿಸಿ. ನನಗೆ ಬೇರೇನೂ ಬೇಡ. ಜಾನ್ವಿಯನ್ನು ಗದರಿಸಿ ಮತ್ತೆ ಕಿಟಕಿಗೆ ಕಳಿಸಿ, ನನ್ನ ಮೇಜನ್ನೇ ಬಾಗಿಲ ಬಳಿಗೆ ಎಳೆದುಕೊಂಡಿದ್ದೇನೆ. ಕೀಲಿ ಕೊರಳಲ್ಲಿದೆ. ಬೆಳಿಗ್ಗೆ ಮನೆಯಿರುವ ಪ್ಲೇನ್‌ಫೀಲ್ಡಿನಿಂದ ಡ್ರೈವ್ ಮಾಡಿಕೊಂಡು ಬರುವಾಗ ಹೆದ್ದಾರಿಯಲ್ಲಿ ಶಾಲೆಯ ಎಕ್ಸಿಟ್ ಕಂಡರೆ ಸಾಕು, ಅದನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಪಾಠ ಮಾಡುವಾಗ ಆ ಹುಡುಗಿ ಬೋರ್ಡು ನೋಡುವುದಿಲ್ಲ, ನನ್ನ ಕೈ ನೋಡುತ್ತಾಳೆ.

ಇಂತಿ,
ಬಾಗಿಲ ಪಕ್ಕ ಕೂತು ಪಾಠ ಹೇಳುವ,
ಭಾನು