ಹದಿನಾಲ್ಕನೇ ರೀಲು ಇಲ್ಲ

ಮಾರ್ಚ್ 4, ಬೆಳಿಗ್ಗೆ 6

ಅದೇ ಕನಸು. ಥಿಯೇಟರ್ ತುಂಬಿದೆ. ಪರದೆಯ ಮೇಲೆ ಅವಳು ಬಾಗಿಲು ಎಳೆದುಕೊಳ್ಳುತ್ತಾಳೆ. ಅಷ್ಟರಲ್ಲಿ ಫಿಲಂ ಅಂಟಿಸಿದ ಜಾಯಿಂಟು ಬಿಟ್ಟುಕೊಂಡಿತು. ಪರದೆ ಬೆಳ್ಳಗೆ. ಶಿಳ್ಳೆ ಇಲ್ಲ, ಬೈಗುಳ ಇಲ್ಲ... ಸಾವಿರ ಜನ ಒಟ್ಟಿಗೆ ತಿರುಗಿ ನನ್ನನ್ನೇ ನೋಡಿದರು. ನನ್ನ ಕೈಯಲ್ಲಿ ಕತ್ತರಿ.

ಎದ್ದು ನೀರು ಕುಡಿದೆ. ಗ್ಯಾಸ್ ಆಫ್ ಆಗಿದೆಯಾ ನೋಡಿದೆ. ಆಗಿತ್ತು. ಮತ್ತೆ ನೋಡಿದೆ.

ತಂಗಿ ಮಗ್ಗುಲು ಬದಲಿಸಿ, "ಅಕ್ಕಾ, ಆ ಗ್ಯಾಸ್ ಪಕ್ಕದಲ್ಲೇ ಒಂದು ಚಾಪೆ ಹಾಸ್ಕೊಂಡು ಮಲ್ಕೊಂಬಿಡು. ಓಡಾಟನಾದ್ರೂ ತಪ್ಪುತ್ತೆ" ಎಂದಳು. ಅವಳ ಮನೆ, ಅವಳ ಬಾಯಿ.

ಇವತ್ತು ಗೋಡೌನಿನಲ್ಲಿ ಏಳನೇ ಸಾಲು ಮೂಸಬೇಕು. ಫಿಲಂ ಕೆಡಲು ಶುರುವಾದರೆ ಮೊದಲು ಹುಳಿ ವಾಸನೆ. ಆಮೇಲೆ ಅಂಟು, ಆಮೇಲೆ ಪುಡಿ. ಡಬ್ಬ ತೆಗೆದು ಮೂಸಿ, ಕೆಟ್ಟದ್ದನ್ನು ಬೇರೆ ಇಡುವುದು — ವಾರಕ್ಕೆ ಮೂರು ದಿನ ಅದೇ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಮೂಗು ಸಾಕು.

ಮಾರ್ಚ್ 6, ಮಧ್ಯಾಹ್ನ

ಚಿಕ್ಕ ಯಜಮಾನರು ಗೋಡೌನಿಗೆ ಬಂದಿದ್ದರು. ದೊಡ್ಡ ಯಜಮಾನರು ತೀರಿಕೊಂಡ ಮೇಲೆ ಕಂಪನಿಯೆಲ್ಲ ಇವರದೇ. ಕೈಯಲ್ಲಿ ಒಂದು ಪಟ್ಟಿ. ಅಪ್ಪನ ಹಳೇ ಸಿನಿಮಾಗಳನ್ನು ಹೊಸದಾಗಿ ತೆಗೆಸಬೇಕಂತೆ.

"ಏನ್ ಜಾಯಿಂಟಕ್ಕ, ಇದ್ರಲ್ಲಿ ಯಾವ್ದು ಓಡತ್ತೆ ಹೇಳಿ ನೋಡೋಣ."

ನನಗೆ ಹೆಸರಿದೆ. ಫಿಲಂ ಅಂಟಿಸಿ ಅಂಟಿಸಿ ಈ ಹೆಸರೇ ಅಂಟಿಕೊಂಡಿದೆ.

ಪಟ್ಟಿ ನೋಡಿದೆ. ಅವಳಿ ತಮ್ಮಂದಿರದು. ಕೆರೆ ದೆವ್ವದ್ದು. ಕುರುಡ ಇನ್‌ಸ್ಪೆಕ್ಟರದು. ಎಲ್ಲ ನೂರು ದಿನ ಓಡಿದವು.

"ಇವೆಲ್ಲ ಸರಿಯಾಗೇ ಇವೆಯಲ್ಲ ಯಜಮಾನ್ರೇ. ನೆಟ್ಟಗಿರೋ ಮನೇನ ಯಾಕೆ ಕೆಡವಿ ಕಟ್ಟೋದು? ತಪ್ಪಾಗಿರೋದನ್ನ ತೆಗೀರಿ. ಅದಕ್ಕೆ ತಾನೇ ಎರಡನೇ ಸಲ ಅನ್ನೋದು ಇರೋದು."

ನಕ್ಕರು. "ತಪ್ಪಾಗಿರೋದ್ಯಾವ್ದು?"

ಬಾಯಿ ನನ್ನ ಮಾತು ಕೇಳಲಿಲ್ಲ. "ಟೈಪಿಸ್ಟ್ ಸಿನಿಮಾ" ಎಂದೆ.

"ಅರೆ! ಒಬ್ರು ಡೈರೆಕ್ಟರಮ್ಮ ಅದನ್ನೇ ಕೇಳ್ತಿದಾರೆ. ಹತ್ತನೇ ತಾರೀಕು ನೋಡೋಕೆ ಬರ್ತಾರೆ. ನೀವೂ ಇರಿ."

ಬೀಗ ಹಾಕಿ ಬಂದೆನೋ ಇಲ್ಲವೋ. ಅರ್ಧ ದಾರಿಯಿಂದ ವಾಪಸ್ ಹೋಗಿ ನೋಡಿದೆ. ಹಾಕಿದ್ದೆ.

ಮಾರ್ಚ್ 10, ಸಂಜೆ

ಡೈರೆಕ್ಟರಮ್ಮನಿಗೆ ನಲವತ್ತು ದಾಟಿದೆ. ಕಂಪ್ಯೂಟರಿನಲ್ಲಿ ಪೂರ್ತಿ ಸಿನಿಮಾ ನೋಡಿದರು. ನಾನು ಹಿಂದೆ ಸ್ಟೂಲಿನ ಮೇಲೆ.

ಕಥೆ ದೊಡ್ಡದೇನಿಲ್ಲ. ಟೈಪಿಂಗ್ ಕೆಲಸದವಳು. ಗಂಡ ಕೆಲಸ ಬಿಡಿಸುತ್ತಾನೆ, ಹೊಡೆಯುತ್ತಾನೆ. ಒಂದು ದಿನ ಅವಳು ಟೈಪ್‌ರೈಟರ್ ಪೆಟ್ಟಿಗೆ ಹೊತ್ತು ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿಯುತ್ತಾಳೆ. ಅಲ್ಲಿಗೆ ಹದಿಮೂರನೇ ರೀಲು. ಹದಿನಾಲ್ಕರಲ್ಲಿ ವಾಪಸ್ ಬಂದು ಕಾಲಿಗೆ ಬೀಳುತ್ತಾಳೆ. ಅವನು ಎತ್ತಿ ಕಣ್ಣೊರೆಸುತ್ತಾನೆ. ಟೈಪ್‌ರೈಟರ್ ಬಾವಿಗೆ.

ದೀಪ ಹಾಕಿದಾಗ ಡೈರೆಕ್ಟರಮ್ಮನ ಮುಖ ಬಿಳಿಚಿಕೊಂಡಿತ್ತು.

"ಇದಲ್ಲ. ನಮ್ಮಮ್ಮ ನೋಡಿದ್ದು ಇದಲ್ಲ."

"ಅಂದ್ರೆ?" ಎಂದರು ಚಿಕ್ಕ ಯಜಮಾನರು.

"ಬಾಗಿಲು ಹಾಕ್ಕೊಂಡು ಹೋಗ್ತಾಳೆ, ಮುಗೀತು ಅಂತ ಬರುತ್ತೆ. ಚಿಕ್ಕ ವಯಸ್ಸಿಂದ ನೂರು ಸಲ ಹೇಳಿದಾರೆ. ಅದನ್ನ ನೋಡಿದ ದಿನಾನೇ ಅಮ್ಮ ನನ್ನ ಎತ್ಕೊಂಡು ಮನೆ ಬಿಟ್ಟಿದ್ದು. ನಾನು ಎಂಟು ತಿಂಗಳ ಕೂಸು."

"ಯಾರಾದ್ರೂ ಬೈದ್ರೆ ಹೇಳೋಕೆ ಒಂದು ನೆಪ ಬೇಕಲ್ಲಮ್ಮ. ಕಥೆ ಕಟ್ಟಿದಾರೆ ಪಾಪ, ಬಿಡಿ" ಎಂದರು ಅವರು.

ಡೈರೆಕ್ಟರಮ್ಮ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರು. "ಅಮ್ಮ ಸುಳ್ಳು ಹೇಳಲ್ಲ" ಎಂದರು. ಆಮೇಲೆ ಸಣ್ಣಗೆ — "ಹೇಳ್ತಿರಲಿಲ್ಲ ಅಂದ್ಕೊಂಡಿದ್ದೆ."

ಬಾಗಿಲಿಗೇ ಮುಗಿಸಿ ತೆಗೆಯುತ್ತೇನೆ ಎಂದರು. ಚಿಕ್ಕ ಯಜಮಾನರು ಆಗಲ್ಲ ಎಂದರು. ಅಪ್ಪ ಬರೆದಿಟ್ಟಿದ್ದಾರಂತೆ. ಯಾರೇ ತೆಗೆದರೂ ಈ ಆಫೀಸು ಥಿಯೇಟರಿಗೆ ಕಳಿಸಿದ ಕೊನೆಯೇ ಇರಬೇಕು. "ಹಾಗಾದ್ರೆ ನಂಗೆ ಬೇಡ" ಎಂದು ಡೈರೆಕ್ಟರಮ್ಮ ಬ್ಯಾಗು ಎತ್ತಿಕೊಂಡರು.

ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಒಬ್ಬ ತಾಯಿಯನ್ನು ಮಗಳ ಎದುರು ಸುಳ್ಳಿ ಮಾಡಿದರು... ನಾನು ನೋಡುತ್ತ ಕೂತಿದ್ದೆ.

ಮಾರ್ಚ್ 11, ಬೆಳಿಗ್ಗೆ

ಬರೆದುಬಿಡುತ್ತೇನೆ. ಇದನ್ನು ಯಾರು ಓದಬೇಕು.

ಆಗ ನನಗೆ ಇಪ್ಪತ್ತೆರಡು. ಗಂಡನ ಮನೆ ಬಿಟ್ಟು ಬಂದು ಐದು ತಿಂಗಳು. ಹಗಲು ಗೋಡೌನಿನಲ್ಲಿ ಥಿಯೇಟರಿಗೆ ಹೋಗಿ ಬರುವ ಪ್ರಿಂಟುಗಳ ತಪಾಸಣೆ, ಸಂಜೆ ಮನೆಯಲ್ಲಿ ಬುದ್ಧಿವಾದ. ಅಮ್ಮ, ದೊಡ್ಡಪ್ಪ, ಪಕ್ಕದ ಮನೆಯವರು, ಪಕ್ಕದ ಮನೆಯವರ ನೆಂಟರು. ಎಲ್ಲರದೂ ಒಂದೇ ಮಾತು. ಹೋಗಿ ಕಾಲಿಗೆ ಬೀಳು, ಎಲ್ಲ ಸರಿಹೋಗುತ್ತೆ.

ತಪಾಸಣೆ ಎಂದರೆ ರೀಲನ್ನು ಕೈಯಲ್ಲಿ ಸುತ್ತುತ್ತ ಅಂಚಿನ ತೂತುಗಳನ್ನು ಬೆರಳಲ್ಲಿ ತಡವುವುದು. ಹರಿದ ಕಡೆ ಕತ್ತರಿಸಿ ಅಂಟಿಸುವುದು. ಟೈಪಿಸ್ಟ್ ಸಿನಿಮಾದ ಒಂದು ಪ್ರಿಂಟು ವಾಪಸ್ ಬಂತು. ಕೊನೆಯ ರೀಲು ಚಿಂದಿ. ಯಾವುದೋ ಹಳೇ ಮೆಷೀನು ಅಗಿದು ಉಗಿದಿತ್ತು. ಮೂವತ್ತು ಕಡೆ ಜಾಯಿಂಟು ಬೇಕು. ಬೆಳಕಿಗೆ ಹಿಡಿದೆ. ಅವಳು ಕಾಲಿಗೆ ಬೀಳುತ್ತಿದ್ದಾಳೆ.

ಪರದೆಯ ಮೇಲೆ ಬೀಳಲು ಎರಡು ಸೆಕೆಂಡು. ನನ್ನ ಕೈಯಲ್ಲಿ ನಲವತ್ತೆಂಟು ಚಿತ್ರ. ನಲವತ್ತೆಂಟು ಸಲ ಬಗ್ಗಿದಳು.

ಅಂಟಿಸುತ್ತ ಹೋದೆ. ಏಳನೇ ಜಾಯಿಂಟಿಗೆ ಕೈ ನಿಂತಿತು. ಇವಳನ್ನು ಅವನ ಕಾಲಿಗೆ ಬೀಳಿಸಲು ನಾನು ಯಾಕೆ ಇಷ್ಟು ಕಷ್ಟಪಡಬೇಕು?

ತುದಿಯಲ್ಲಿ 'ಮುಗಿಯಿತು' ಎಂದಿದ್ದ ಆರು ಅಡಿ ಕತ್ತರಿಸಿಕೊಂಡೆ. ಹದಿಮೂರನೇ ರೀಲಿನ ಕೊನೆಗೆ ಅಂಟಿಸಿದೆ. ಬಾಗಿಲು, ಮೆಟ್ಟಿಲು, ಮುಗಿಯಿತು. ಉಳಿದ ಚಿಂದಿ ಕಸದ ಡಬ್ಬಕ್ಕೆ.

ಬೇರೆ ಪ್ರಿಂಟುಗಳು ದೊಡ್ಡ ಊರಿಗೆ ಹೋದವು, ಅವಳು ಅಲ್ಲಿ ಕಾಲಿಗೆ ಬಿದ್ದಳು. ನನ್ನ ಪ್ರಿಂಟು ಎರಡು ವರ್ಷ ಸಣ್ಣ ಊರುಗಳಲ್ಲಿ ಓಡಿತು. ಒಬ್ಬರೂ ಕೇಳಲಿಲ್ಲ. ಆ ಜಾಯಿಂಟು ಒಂದು ಸಲವೂ ಬಿಡಲಿಲ್ಲ — ಕನಸಿನಲ್ಲಿ ಬಿಟ್ಟು.

ಭಯ ಪೋಲೀಸರದ್ದಲ್ಲ. (ಅದೂ ಇದೆ.) ಅದನ್ನು ನಂಬಿ ಎಷ್ಟು ಜನ ಮೆಟ್ಟಿಲಿಳಿದರು? ಇಳಿದವರು ಏನಾದರು? ನಿನ್ನೆಯವರೆಗೆ ಲೆಕ್ಕವಿರಲಿಲ್ಲ. ಈಗ ಒಬ್ಬರಿದ್ದಾರೆ. ಎಂಟು ತಿಂಗಳ ಕೂಸಿನ ಜೊತೆ.

ಮಾರ್ಚ್ 19, ಮಧ್ಯಾಹ್ನ 3

ಎಂಟು ದಿನ ಬರೆದಿಲ್ಲ. ಊಟ ಸೇರಿಲ್ಲ. ತಂಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. "ಏನೂ ಇಲ್ಲ, ಬರೀ ಯೋಚನೆ" ಎಂದರು. "ಅದಕ್ಕೇನಾದ್ರೂ ಇಂಜೆಕ್ಷನ್ ಇದ್ಯಾ ಡಾಕ್ಟ್ರೇ? ಇದ್ರೆ ಎರಡೂ ಕೈಗೆ ಕೊಡಿ" ಎಂದಳು ಇವಳು.

ಇವತ್ತು ಗೋಡೌನಿನ ಹಿಂದಿನ ಕಪಾಟು ತೆಗೆದೆ. ಪ್ರಿಂಟು ಹೊರಡುವ ಮೊದಲು ಪ್ರತಿ ಸಲ ಒಂದು ಕಾರ್ಡು ತುಂಬಬೇಕಿತ್ತು. ಯಾವ ರೀಲು ಹೇಗಿದೆ, ಎಷ್ಟು ಜಾಯಿಂಟು. ಕೆಳಗೆ ಯಜಮಾನರ ಸಹಿ ಬಿದ್ದ ಮೇಲೆಯೇ ಡಬ್ಬ ಹೊರಗೆ. ಏನೋ ಸುಳ್ಳು ಬರೆದಿರುತ್ತೇನೆ ಎಂದು ಆ ಕಾರ್ಡುಗಳನ್ನು ಹರಿದುಹಾಕಬೇಕೆಂದೇ ಹೋಗಿದ್ದೆ. ಸಿಕ್ಕವು. ಹರಿಯುವ ಮೊದಲು ಒಂದು ಸಲ ಓದಿದೆ.

ನನ್ನದೇ ಅಕ್ಷರ. ಕೋಳಿ ಕೆದರಿದ ಹಾಗೆ. 'ಹದಿನಾಲ್ಕನೇ ರೀಲು ಇಲ್ಲ.'

ಎರಡನೇ ಕಾರ್ಡು. 'ಹದಿನಾಲ್ಕನೇ ರೀಲು ಇಲ್ಲ.' ಮೂರನೆಯದು. ಹತ್ತನೆಯದು.

ಮರೆತೇ ಹೋಗಿತ್ತು. ಕತ್ತರಿಸಲು ಧೈರ್ಯ ಬಂದಿತ್ತು, ಸುಳ್ಳು ಬರೆಯಲು ಬಂದಿರಲಿಲ್ಲ. ಸಿಕ್ಕಿಬಿದ್ದರೆ ಎಂಬ ಭಯಕ್ಕೆ ಪ್ರತಿ ಸಲವೂ ನಿಜವನ್ನೇ ಬರೆದಿದ್ದೇನೆ. ಕೆಳಗೆ ದೊಡ್ಡ ಯಜಮಾನರ ಸಹಿ, ಬಾಲ ಸಮೇತ. ಮೂವತ್ತೊಂದು ಕಾರ್ಡು. ಮೂವತ್ತೊಂದು ಸಹಿ. ನಾಲ್ಕನೇ ಕ್ಲಾಸಿನವಳು ಗೀಚಿದ್ದನ್ನು ಯಾರು ಓದುತ್ತಾರೆ?

ನೆಲದ ಮೇಲೆ ಕೂತು ನಕ್ಕೆ. ನಲವತ್ತೆರಡು ವರ್ಷ ಕಳ್ಳಿ, ಕಳ್ಳಿ ಎಂದು ನನ್ನನ್ನೇ ಬೈದುಕೊಂಡೆ. ಕಳ್ಳಿ ಎಲ್ಲಾದರೂ ಬರೆದುಕೊಟ್ಟು, ಸಹಿ ಹಾಕಿಸಿಕೊಂಡು ಕದಿಯುತ್ತಾಳೆಯೇ?

ಒಂದನ್ನೂ ಹರಿಯಲಿಲ್ಲ. ಚೀಲಕ್ಕೆ ಹಾಕಿಕೊಂಡೆ. ಬೀಗ ಒಂದೇ ಸಲ ನೋಡಿದೆ.

ಮಾರ್ಚ್ 20, ಬೆಳಿಗ್ಗೆ 10

ಡೈರೆಕ್ಟರಮ್ಮನಿಗೆ ಫೋನ್ ಮಾಡಿದೆ. ಎಲ್ಲ ಒಂದೇ ಉಸಿರಿಗೆ. ಲೈನ್ ಕಟ್ಟಾಯಿತೇನೋ ಎಂದು ಹಲೋ ಹಲೋ ಎಂದೆ.

"ಇದೀನಿ" ಎಂದರು. ದನಿ ಒದ್ದೆ. "ಹತ್ತು ದಿನದಿಂದ ಅಮ್ಮನ ಜೊತೆ ಮಾತು ಬಿಟ್ಟಿದೀನಿ ಆಂಟಿ. ನಾಡಿದ್ದು ಬರ್ತೀರಾ? ಇದನ್ನ ಅವರ ಮುಂದೆ ನೀವೇ ಹೇಳ್ಬೇಕು."

ಮಾರ್ಚ್ 22, ಸಂಜೆ 5

ಹೋಗಿ ಬಂದೆ.

ಡೈರೆಕ್ಟರಮ್ಮನ ಅಮ್ಮನದು ಇಸ್ತ್ರಿ ಅಂಗಡಿ. ಮಗಳು ಸಿನಿಮಾ ತೆಗೆದರೂ ಇವರು ಅಂಗಡಿ ಮುಚ್ಚಿಲ್ಲ. ಎಪ್ಪತ್ತರ ಹತ್ತಿರ. ತೋಳು ನನ್ನ ಎರಡರಷ್ಟು. ನಾನು ಹೇಳುತ್ತಿರುವಷ್ಟು ಹೊತ್ತೂ ಒಂದು ಪ್ಯಾಂಟಿನ ಗೆರೆ ಹಿಡಿಯುತ್ತಿದ್ದರು. ಕೊನೆಗೆ ಕೈ ಮುಗಿದು, "ನಿಮ್ಮ ಬಾಳಿನಲ್ಲಿ ಕತ್ತರಿ ಆಡಿಸಿಬಿಟ್ಟೆ, ತಪ್ಪಾಯ್ತು" ಎಂದೆ. ಅಳು ಬಂತು.

ಇಸ್ತ್ರಿ ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದರು.

"ಅಯ್ಯೋ, ಸಾಕು ಬಿಡಿ. ನಿಮ್ಮ ಕತ್ತರಿ ನೋಡಿ ನಾನು ಮನೆ ಬಿಟ್ಟೆ ಅಂದ್ಕೊಂಡ್ರಾ? ಬ್ಯಾಗು ತುಂಬ್ಕೊಂಡೇ ಸಿನಿಮಾಗೆ ಹೋಗಿದ್ದೆ. ಸೀಟಿನ ಕೆಳಗಿತ್ತು. ಬಸ್ಸಿಗೆ ಇನ್ನೂ ಟೈಮಿತ್ತು, ಕೂಸು ಬಿಸಿಲಲ್ಲಿ ಅಳ್ತಿತ್ತು. ಥಿಯೇಟರಲ್ಲಿ ಫ್ಯಾನಿತ್ತು. ಅಷ್ಟೇ."

ಡೈರೆಕ್ಟರಮ್ಮ, "ಅಮ್ಮಾ! ಸಿನಿಮಾ ನೋಡಿ ಬಿಟ್ಟೆ ಅಂತಲ್ವಾ ಹೇಳಿದ್ದು?"

"ನೋಡಿ, ಆಮೇಲೆ ಬಿಟ್ಟೆ. ನೋಡಿದ್ದಕ್ಕೆ ಬಿಟ್ಟೆ ಅಂದ್ನಾ? ನೀನು ಡೈರೆಕ್ಟರು, ಎಲ್ಲಾದಕ್ಕೂ ಕಾರಣ ಕಟ್ತೀಯಾ."

ಆಮೇಲೆ ನನ್ನ ಕಡೆ ತಿರುಗಿದರು. "ಆ ಕೊನೇ ರೀಲು ಎಷ್ಟುದ್ದ?"

"ಹನ್ನೊಂದು ನಿಮಿಷ."

ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾನು ಆಚೆ ಬಂದಾಗ ಬಸ್ಸು ಗೇರ್ ಹಾಕಿತ್ತು. ಓಡಿ ಹತ್ತಿದೆ. ಹನ್ನೊಂದು ನಿಮಿಷ ಕೂತಿದ್ರೆ ಬಸ್ ಹೋಗ್ತಿತ್ತು. ಇನ್ನೊಂದು ಬಸ್ಸು ಮಾರನೇ ದಿನ. ಅಷ್ಟ್ರಲ್ಲಿ ಹುಡುಕ್ಕೊಂಡು ಬಂದು ಕರ್ಕೊಂಡ್ ಹೋಗ್ತಿದ್ರು. ಆಮೇಲೆ ಏನಾಗ್ತಿತ್ತು ಅಂತ... ನಿಮ್ಮ ಹದಿನಾಲ್ಕನೇ ರೀಲು ನೋಡ್ಕೊಳ್ಳಿ."

ನನ್ನ ಕಣ್ಣು ಅವರೇ ಒರೆಸಿದರು. ಯಾರದೋ ಇಸ್ತ್ರಿ ಆದ ಕರ್ಚೀಫಿನಲ್ಲಿ. ಬಿಸಿ ಇತ್ತು ಇನ್ನೂ.

ಮಾರ್ಚ್ 26, ಮಧ್ಯಾಹ್ನ

ಚಿಕ್ಕ ಯಜಮಾನರ ಟೇಬಲ್ಲಿನ ಮೇಲೆ ಮೂವತ್ತೊಂದು ಕಾರ್ಡು ಸಾಲಾಗಿ ಜೋಡಿಸಿದೆ. ಡೈರೆಕ್ಟರಮ್ಮ ಪಕ್ಕದಲ್ಲಿ.

"ಈ ಆಫೀಸು ಥಿಯೇಟರಿಗೆ ಕಳಿಸಿದ ಕೊನೇನೇ ಇರ್ಬೇಕು ಅಂದ್ರಲ್ಲ ಯಜಮಾನ್ರೇ. ಇದೂ ಈ ಆಫೀಸು ಕಳಿಸಿದ್ದೇ. ಓದಿ."

ಓದಿದರು. ಕೆಂಪಾದರು. "ನೀವು ಕತ್ತರಿಸಿದ್ರಾ? ಕೆಲ್ಸ ಬೇಡ್ವಾ ನಿಮಗೆ?"

"ನಾನೇ ಕತ್ತರಿಸಿದ್ದು. ಬರೆದೂ ಕೊಟ್ಟಿದ್ದೆ. ನಿಮ್ಮಪ್ಪ ಓದ್ದೆ ಸಹಿ ಹಾಕಿದ್ರೆ ನಾನೇನು ಮಾಡ್ಲಿ?"

ಅಲ್ಲಿ ಸಿಕ್ಕಿಕೊಂಡರು. "ನಮ್ಮಪ್ಪ ಓದ್ದೆ ಒಂದು ಸಹಿ ಹಾಕಿದೋರಲ್ಲ! ಇಡೀ ಇಂಡಸ್ಟ್ರಿಗೆ ಗೊತ್ತು!"

"ಹಾಗಾದ್ರೆ ಓದೇ ಹಾಕಿದಾರೆ" ಎಂದರು ಡೈರೆಕ್ಟರಮ್ಮ. "ಮೂವತ್ತೊಂದು ಸಲ. ಈ ಕೊನೆ ಅವರಿಗೆ ಒಪ್ಪಿಗೆ ಇತ್ತು."

ಚಿಕ್ಕ ಯಜಮಾನರು ಗೋಡೆಯ ಮೇಲಿನ ಫೋಟೋ ನೋಡಿದರು, ಕಾರ್ಡು ನೋಡಿದರು. ಅಪ್ಪ ಬೇಜವಾಬ್ದಾರಿ ಎನ್ನಬೇಕು, ಇಲ್ಲ ಅಪ್ಪ ಒಪ್ಪಿದ್ದರು ಎನ್ನಬೇಕು. ಫ್ಯಾನು ತಿರುಗುತ್ತಿತ್ತು. ಕಾರ್ಡುಗಳು ಅಂಚಿನಲ್ಲಿ ಅಲ್ಲಾಡುತ್ತಿದ್ದವು.

"ಅಪ್ಪ ಕಾಲಕ್ಕಿಂತ ಮುಂದಿದ್ರು" ಎಂದರು ಕೊನೆಗೆ. "ತೆಗೀರಿ. ಬಾಗಿಲಿಗೇ ಮುಗಿಸಿ."

ಆಮೇಲೆ ನನ್ನ ಕಡೆ ನೋಡದೆ ಕೈ ಚಾಚಿದರು. "ಗೋಡೌನ್ ಕೀ."

ಕೊಟ್ಟೆ. ನಲವತ್ತೆರಡು ವರ್ಷದ ಕೀಲಿಕೈ. ಬಾಗಿಲ ಹತ್ತಿರ ನಿಂತು, "ಒಂಬತ್ತನೇ ಸಾಲಿನ ಕೆಳಗಿನ ಡಬ್ಬ ಹುಳಿ ವಾಸನೆ ಬರ್ತಿದೆ. ಬೇಗ ಬೇರೆ ಇಡ್ಸಿ. ಮೂಗು ಮಾತ್ರ ನಂದು, ತಗೊಂಡು ಹೋಗ್ತೀನಿ" ಎಂದೆ. ನನ್ನ ಬಾಯಿಂದಲೇ ಬಂತಾ ಅದು?

ತಂಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಇಷ್ಟು ವರ್ಷ ಗ್ಯಾಸ್ ನೋಡ್ಕೊಂಡು ಓಡಾಡಿದ್ದು ಇದಕ್ಕಾ? ಮೊದ್ಲೇ ಹೇಳಿದ್ರೆ ನಾನೂ ನಿದ್ದೆ ಮಾಡ್ತಿದ್ದೆ" ಎಂದಳು. ತಟ್ಟೆಗೆ ಎರಡು ಸಲ ಬಡಿಸಿದಳು.

ಏಪ್ರಿಲ್ 2, ಬೆಳಿಗ್ಗೆ 11

ಕನಸಿಲ್ಲ, ಏಳು ದಿನದಿಂದ. ಆದರೆ ಇವತ್ತು ಬೇರೆ ಯೋಚನೆ ಹೊಕ್ಕಿತು.

ಇದನ್ನು ಯಾರಿಗೂ ಹೇಳಿಲ್ಲ, ತಂಗಿಗೂ. ಗಂಡನ ಮನೆಯಿಂದ ನಾನು ಹೊರಟದ್ದು ಒಂದು ಸಲ ಅಲ್ಲ, ಎರಡು ಸಲ. ಮೊದಲನೇ ಸಲ ಬೀದಿ ತುದಿಗೆ ಹೋಗಿದ್ದೆ. ಸ್ಟವ್ ಆರಿಸಿದೆನೋ ಇಲ್ಲವೋ ಎನಿಸಿತು. ವಾಪಸ್ ಹೋಗಿ ನೋಡಿದೆ, ಆರಿಸಿದ್ದೆ. ಮತ್ತೆ ಹೊರಟೆ. ಮತ್ತೆ ಅನುಮಾನ. ಮತ್ತೆ ನೋಡಲು ಹೋದಾಗ ಗಂಡ ಎದ್ದಿದ್ದ. ಕೈಯಲ್ಲಿ ಚೀಲ ನೋಡಿದ. ಬಾಗಿಲು ಹಾಕಿದ.

ಅದಾದ ಮೇಲೆ ಇನ್ನೊಂದು ವರ್ಷ ಅಲ್ಲಿದ್ದೆ. ಆರಿದ್ದ ಒಂದು ಸ್ಟವ್ವಿಗೆ.

ಡೈರೆಕ್ಟರಮ್ಮನಿಗೆ ಫೋನ್ ಮಾಡಿದೆ. ಕೊನೇ ಶಾಟು ಹಳೆಯದರ ಹಾಗೇ ಬರೆಯುತ್ತಿದ್ದಾರಂತೆ. ಪೆಟ್ಟಿಗೆ, ಬಾಗಿಲು, ಹನ್ನೆರಡು ಮೆಟ್ಟಿಲು.

"ಹಾಗೇ ಬೇಡಮ್ಮ, ಮೊದಲು ನೋಡ್ಕೋ" ಎಂದೆ. "ಐದನೇ ಮೆಟ್ಟಿಲಲ್ಲಿ ಅವಳು ತಲೆ ಒಂಚೂರು ತಿರುಗಿಸ್ತಾಳಾ? ನನ್ನ ಬೆರಳಿಗೆ ಇಲ್ಲ ಅಂತ ನೆನಪು, ಕಣ್ಣಿಗೆ ಹೌದು ಅಂತ. ಇನ್ನೊಂದ್ಸಲ ಹಾಕಿ ನೋಡಿ ಹೇಳು. ತಿರುಗಿಸಿದ್ರೆ ಅದನ್ನ ಮಾತ್ರ ತೆಗೆದುಬಿಡು. ಅವಳು ಹಿಂದೆ ತಿರುಗಿ ನೋಡೋದು ಬೇಡ."