ಎಬ್ಬಿಸಬೇಕಾದವರ ಪಟ್ಟಿ

ಮಾರ್ಚ್ ೩, ಬೆಳಿಗ್ಗೆ

ಹದಿನಾರು ಪುಟ ತಿದ್ದಿದೆ. ವ್ಯಾಕರಣ ಪುಸ್ತಕದ ಮೂರನೆಯ ಕರಡು. ‘ಷ’ ಇರಬೇಕಾದಲ್ಲಿ ‘ಶ’, ಏಳು ಕಡೆ.

ಹಳೆಯ ಲ್ಯಾಪ್‌ಟಾಪ್ ಇವತ್ತು ಹತ್ತೊಂಬತ್ತು ನಿಮಿಷ ಬಾಳಿತು. ನಿನ್ನೆ ಇಪ್ಪತ್ತಮೂರು. ಚಾರ್ಜರ್ ಚುಚ್ಚಿದ್ದರೂ ಕಾದು ತಾನಾಗಿ ಆರಿಹೋಗುತ್ತದೆ, ಮರುದಿನದವರೆಗೆ ಏಳುವುದಿಲ್ಲ. ಹತ್ತೊಂಬತ್ತರಲ್ಲಿ ಹನ್ನೊಂದು ನಿಮಿಷವನ್ನು ಅಕ್ಕ ನಲ್ಲಿ ರಿಪೇರಿಯವನ ಜೊತೆ ಫೋನಿನ ಜಗಳಕ್ಕೆ ವ್ಯಯಿಸಿದಳು. ಪಟ್ಟಿಯಲ್ಲಿ ಬೈಗುಳ ಸೇರಿಸಿರಲಿಲ್ಲ ನಾನು. ಇದ್ದ ಪದಗಳಲ್ಲೇ ಜೋಡಿಸಿಕೊಂಡಳು: “ನೀವು ದೊಡ್ಡ ಸೊನ್ನೆ. ಪೂರ್ಣವಿರಾಮ.”

ನಲ್ಲಿಯವನು ಮಧ್ಯಾಹ್ನವೇ ಬಂದ.

ಮಾರ್ಚ್ ೪

ಆ ಪಟ್ಟಿಯ ಬಗ್ಗೆ. ನಾಲ್ಕು ವರ್ಷದ ಹಿಂದೆ, ಗಂಟಲಿನ ಆಪರೇಷನ್‌ಗೆ ಮೊದಲು, ಡಾಕ್ಟರು ಹನ್ನೊಂದು ದಿನ ಕೊಟ್ಟಿದ್ದರು. ಆಮೇಲೆ ದನಿ ಇರುವುದಿಲ್ಲ ಎಂದಿದ್ದರು. ನಾನು ಪಟ್ಟಿ ಮಾಡಿದೆ, ಅಕ್ಕ ಓದಿದಳು, ರೆಕಾರ್ಡ್ ಮಾಡಿದೆವು. ಎರಡು ಸಾವಿರದ ಮುನ್ನೂರ ನಲವತ್ತು ಪದ. ಜೊತೆಗೆ ಎಲ್ಲ ಅಕ್ಷರಗಳು, ಅಂಕಿಗಳು, ಚಿಹ್ನೆಗಳ ಹೆಸರುಗಳು. ಅವಳು ಟೈಪ್ ಮಾಡಿದರೆ ಪ್ರೋಗ್ರಾಮು ಅವಳ ದನಿಯ ತುಂಡುಗಳನ್ನು ಪೋಣಿಸಿ ಮಾತಾಡುತ್ತದೆ. ಯಾರೋ ಪುಣ್ಯಾತ್ಮ ಬರೆದು ಪುಕ್ಕಟೆ ಬಿಟ್ಟಿದ್ದು. ಓಡುವುದು ಪುಕ್ಕಟೆಯ ಸಿಸ್ಟಮ್ಮಿನಲ್ಲಿ ಮಾತ್ರ.

ಓದುವುದು ಅವಳಿಗೆ ಹೊಸದಲ್ಲ. ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷ ಅವಳು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಿದ್ದಾಳೆ, ನಾನು ಕರಡು ನೋಡಿದ್ದೇನೆ. ಕೊಂಬು, ದೀರ್ಘ, ಒತ್ತು — ಒಂದನ್ನೂ ಬಿಡದೆ. ಸರಿಯಿದ್ದರೆ ನಾನು ಮೇಜು ಒಮ್ಮೆ ತಟ್ಟುತ್ತಿದ್ದೆ. ತಪ್ಪಿದ್ದರೆ ಎರಡು ಸಲ.

ನನ್ನನ್ನು ‘ಅಲ್ಪವಿರಾಮ’ ಎಂದು ಕರೆಯುತ್ತಾಳೆ. ಯಾವುದನ್ನೂ ಮುಗಿಸದೆ ಮಧ್ಯದಲ್ಲಿ ನಿಲ್ಲುತ್ತೇನಂತೆ. ಚಿಹ್ನೆಯ ಹೆಸರಾದ್ದರಿಂದ ಅದು ಪಟ್ಟಿಯಲ್ಲಿತ್ತು. ನನ್ನ ಹೆಸರು ಇರಲಿಲ್ಲ. ನಾನೇ ಬರೆದುಕೊಳ್ಳಲು ನಾಚಿಕೆಯಾಯಿತು.

ಮಾರ್ಚ್ ೫

ಹೊಸ ಲ್ಯಾಪ್‌ಟಾಪ್ ಕೊಳ್ಳಲು ಅಂಗಡಿಗೆ ಇಬ್ಬರೂ ಹೋದೆವು. ಅವಳು ಹೆಗಲಿಗೆ ಹಾಕಿಕೊಂಡು ಓಡಾಡಬೇಕು, ಹಗುರವಿರಬೇಕು. ಅಷ್ಟು ಹಗುರದ್ದು ಒಂದೇ ಇತ್ತು. ಬಂದು ಮೂರು ವಾರವಾದ ಮಾದರಿ.

“ಇದ್ರಲ್ಲಿರೋ ಸಿಸ್ಟಮ್ ಚೆನ್ನಾಗೇ ಇದ್ಯಲ್ಲ ಸರ್, ಅದನ್ನ ಕಿತ್ತಾಕಿ ಪುಕ್ಕಟೆದು ಯಾಕೆ?” ಎಂದ ಅಂಗಡಿಯವ.

“ಇವಳು ಮಾತಾಡೋ ಪ್ರೋಗ್ರಾಮ್ ಅದರಲ್ಲೇ ಓಡೋದು.”

“ಇದ್ರಲ್ಲೇ ಮಾತಾಡೋ ಲೇಡಿ ಇದಾಳೆ ಸರ್. ಕನ್ನಡಾನೂ ಬರುತ್ತೆ.”

ಬಟನ್ ಒತ್ತಿದ. ಯಾವತ್ತೂ ನೆಗಡಿಯಾಗದ ಹೆಂಗಸೊಬ್ಬಳು ನಮಗೆ ಸ್ವಾಗತ ಕೋರಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಬರೆದು ಅವನತ್ತ ತಿರುಗಿಸಿದಳು: ಇವಳ್ಯಾರು?

ಅವನು ನಕ್ಕ. ಅಕ್ಕ ನಗಲಿಲ್ಲ.

“ತುಂಬಾ ಹೊಸ ಮಾಡೆಲ್ಲು. ಪುಕ್ಕಟೆದು ಒಗ್ಗದೇ ಹೋದ್ರೆ ನನ್ ಹತ್ರ ಬರ್ಬೇಡಿ ಮತ್ತೆ.”

ಮಾರ್ಚ್ ೬, ಬೆಳಿಗ್ಗೆ ಹತ್ತು

ಕೊಂಡು ತಂದ ಹೊಸದಕ್ಕೆ ಇನ್‌ಸ್ಟಾಲರ್ ಇದ್ದ ಪೆನ್ ಡ್ರೈವ್ ಚುಚ್ಚಿದೆ. ಕಪ್ಪು ಪರದೆ. ಆಮೇಲೆ ಸಾಲುಗಳು, ಬಿಳಿಯ ಸಣ್ಣ ಅಕ್ಷರ, ಕಣ್ಣಿಗೆ ಸಿಗದ ವೇಗದಲ್ಲಿ ಮೇಲಕ್ಕೆ. ಅಭ್ಯಾಸಬಲ, ಓದಲು ಹೊರಟೆ. ಯಂತ್ರ ತನ್ನ ಮೈಯನ್ನು ತಾನೇ ತಡವಿಕೊಳ್ಳುತ್ತಿತ್ತು. ಕೀಲಿಮಣೆ ಇದೆ. ಮುಚ್ಚಳ ತೆರೆದಿದೆ. ಬ್ಯಾಟರಿ ಇದೆ. ಇಲ್ಲೊಂದು ಏನೋ ಇದೆ, ಏನೆಂದು ತಿಳಿಯದು, ಇರಲಿ. ಮುಂದೆ.

ತಿಳಿಯದು ಎನ್ನಲು ಅದಕ್ಕೆ ಸಂಕೋಚವಿಲ್ಲ. ಐವತ್ತೆರಡು ವರ್ಷವಾದರೂ ನನಗೆ ಬಾರದ ಗುಣ.

ಕೆಳಗೊಂದು ಮರದ ಮೇಜು, ಮೇಲೆ ಈ ತೆಳ್ಳನೆಯ ಲೋಹ, ಅದರೊಳಗೆ ಎಂದೂ ಭೇಟಿಯಾಗದ ಸಾವಿರಾರು ಜನರ ವಾಕ್ಯಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತಿವೆ. ಪಕ್ಕದಲ್ಲಿಟ್ಟ ಕಾಫಿ ತಣ್ಣಗಾಯಿತು.

ಮಧ್ಯಾಹ್ನ ಒಂದು

ಸಿಸ್ಟಮ್ ಕೂತಿತು. ಪರದೆ ಸರಿ. ವೈ-ಫೈ ಇಲ್ಲ, ಚಿಪ್ಪು ಹೊಸದು. ಅದಿಲ್ಲದಿದ್ದರೂ ನಡೆಯುತ್ತದೆ. ಅಕ್ಕನ ಪ್ರೋಗ್ರಾಮು ಹಾಕಿದೆ. ಅವಳು ಟೈಪ್ ಮಾಡಿದಳು. ಪದಗಳು ಒಂದೊಂದಾಗಿ ಹಳದಿಯಾದವು, ಅಂದರೆ ನುಡಿಯುತ್ತಿದೆ. ದನಿಯ ಪಟ್ಟಿ ಏರಿತು, ಇಳಿಯಿತು.

ಸದ್ದಿಲ್ಲ.

ಕಿವಿಯನ್ನು ಕೀಲಿಮಣೆಗೇ ಇಟ್ಟೆ. ಬೆಚ್ಚಗಿತ್ತು. ಅಷ್ಟೆ.

ಮಾರ್ಚ್ ೭

ಹಳೆಯದು ಹದಿನಾಲ್ಕು ನಿಮಿಷ. ಪ್ರೆಸ್ಸಿನ ಕಂಪ್ಯೂಟರಿಗೆ ಕಾಯುವ ತಾಳ್ಮೆಯಿಲ್ಲದೆ ಅದರಲ್ಲಿ ನಾನು ಐದು ಕದ್ದೆ. ಇಂಥ ಕಷ್ಟಗಳನ್ನು ಹೇಳಿಕೊಳ್ಳುವ ಒಂದು ಜಾಗ ಇಂಟರ್ನೆಟ್ಟಿನಲ್ಲಿದೆ. ಅಲ್ಲಿ ಬರೆದೆ: ಹೊಸ ಯಂತ್ರ, ಧ್ವನಿ ಬರುತ್ತಿಲ್ಲ, ಅಕ್ಕ ಮಾತಾಡಬೇಕು. ಕೊನೆಯದನ್ನು ಅಳಿಸಲೇ ಎಂದು ಯೋಚಿಸಿದೆ. ಬಿಟ್ಟೆ.

ಅಕ್ಕ ಉಳಿದ ನಿಮಿಷಗಳಲ್ಲಿ ಮಾತಾಡಲಿಲ್ಲ. ಉಳಿಸುತ್ತಿದ್ದಾಳಂತೆ. ಉಳಿಸಿದರೆ ಉಳಿಯುವುದಲ್ಲ ಅದು, ಗೊತ್ತು ಅವಳಿಗೂ.

ಮಾರ್ಚ್ ೯

ಉತ್ತರ. ಗೂಬೆಯ ಚಿತ್ರ ಹಾಕಿಕೊಂಡ ಒಬ್ಬರಿಂದ. ಅವನೋ ಅವಳೋ ತಿಳಿಯದು. ‘ಗೂಬೆ’ ಎಂದೇ, ‘ಅವನು’ ಎಂದೇ ಬರೆಯುತ್ತೇನೆ, ಏಕವಚನದಲ್ಲಿ, ಪ್ರೀತಿಯಿಂದ. ಇಂಗ್ಲಿಷಿನಲ್ಲಿದ್ದುದನ್ನು ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು ಓದಿದೆ.

ಸ್ಪೀಕರು ಕೆಟ್ಟಿಲ್ಲವಂತೆ. ಅದಕ್ಕೆ ದನಿ ತುಂಬುವ ಪುಟ್ಟ ಚಿಪ್ಪೊಂದು ಮಲಗಿದೆ. ಹೊಸ ಯಂತ್ರಗಳಲ್ಲಿ ಅದು ತಾನಾಗಿ ಏಳುವುದಿಲ್ಲ. ಯಾವ್ಯಾವ ಯಂತ್ರದಲ್ಲಿ ಅದನ್ನು ಎಬ್ಬಿಸಬೇಕು ಎಂಬುದಕ್ಕೆ ಸಿಸ್ಟಮ್ಮಿನೊಳಗೆ ಒಂದು ಪಟ್ಟಿಯಿದೆ. ಯಂತ್ರದ ಸಂಖ್ಯೆ ಪಟ್ಟಿಯಲ್ಲಿದ್ದರೆ ಎಬ್ಬಿಸುತ್ತದೆ. ಇಲ್ಲದಿದ್ದರೆ ಮಲಗಲು ಬಿಡುತ್ತದೆ. “ನಿನ್ನದು ಇನ್ನೂ ಇಲ್ಲ. ಸಂಖ್ಯೆ ಕಳಿಸು. ನಾಲ್ಕೇ ಅಕ್ಷರ. ಒಂದು ಸಾಲು ಸೇರಿಸುತ್ತೇನೆ.”

ಅಕ್ಕನಿಗೆ ಹೇಳಿದೆ. ಸ್ಲೇಟಿನಲ್ಲಿ: ಹಾಜರಿ ಪುಸ್ತಕ?

ಹೌದು, ಹೆಚ್ಚುಕಡಿಮೆ.

ಹೊಸದರ ಪರದೆಯಿಂದ ಸಂಖ್ಯೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಹಳೆಯದರಲ್ಲಿ ಟೈಪ್ ಮಾಡಿ ಕಳಿಸಿದೆ.

ಮಾರ್ಚ್ ೧೦, ಮಧ್ಯಾಹ್ನ

ಆ ಪಟ್ಟಿ ಯಾರು ಬೇಕಾದರೂ ಓದಬಹುದು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆಗೆದು, ಊಟದ ಹೊತ್ತಿನಲ್ಲಿ ಮೊದಲಿಂದ ಓದಿದೆ. ಸಾವಿರಕ್ಕೂ ಹೆಚ್ಚು ಸಾಲು. ಒಂದೊಂದು ಸಾಲೂ ಒಂದೊಂದು ಯಂತ್ರ. ಒಂದೊಂದು ಯಂತ್ರದ ಹಿಂದೆಯೂ, ಎಲ್ಲೋ ಒಂದು ಕೋಣೆಯಲ್ಲಿ, ಕೀಲಿಮಣೆಗೆ ಕಿವಿಯಿಟ್ಟು ಕೇಳಿದ ಒಬ್ಬ. ಕೆಲವು ಸಾಲು ಹದಿನೈದು ವರ್ಷ ಹಳೆಯವು. ಆ ಯಂತ್ರಗಳು ಗುಜರಿ ಸೇರಿರಬೇಕು. ಸಾಲು ಮಾತ್ರ ಅಳಿಸಿಲ್ಲ. ಯಾರ ಬಳಿಯಾದರೂ ಇನ್ನೂ ಒಂದು ಉಳಿದಿದ್ದರೆ, ಅದೂ ಏಳಲಿ ಎಂದು.

ನಾನು ಮೂವತ್ತು ವರ್ಷದಿಂದ ಪುಸ್ತಕಗಳ ಜೊತೆಗಿದ್ದೇನೆ. ಇಷ್ಟು ಜನ ಸೇರಿ, ಸಹಿ ಹಾಕದೆ, ಇಷ್ಟು ಶ್ರದ್ಧೆಯಿಂದ ಬರೆದ ಪುಸ್ತಕ ನೋಡಿರಲಿಲ್ಲ. ಕೈ ತೊಳೆದು ಬಂದು ಇನ್ನೊಮ್ಮೆ ಓದಿದೆ.

ಒಂದು ಕಡೆ ಕಾಗುಣಿತ ತಪ್ಪಿತ್ತು. ಹೇಳಲಿಲ್ಲ. ಕಷ್ಟವಾಯಿತು.

ಮಾರ್ಚ್ ೧೩

ಗೂಬೆ ಫೈಲು ಕಳಿಸಿದ. ಪೆನ್ ಡ್ರೈವ್ ಖಾಲಿ ಮಾಡಿ ಅದರಲ್ಲಿ ಸಾಗಿಸಿ ಹಾಕಿದೆ. ಯಂತ್ರ ಆರಿಸಿ ಹೊತ್ತಿಸಿದೆ. ವೈ-ಫೈ ಕೂಡ ಬರಬಹುದು ಎಂದಿದ್ದ. ಬರಲಿಲ್ಲ. ಧ್ವನಿಯೂ ಇಲ್ಲ. ತಪ್ಪು ಎಂಬ ಸಂದೇಶವೂ ಇಲ್ಲ. ಪಟ್ಟಿ ನೋಡಿ, ನಮ್ಮನ್ನು ದಾಟಿ ಮುಂದೆ ಹೋಗಿದೆ.

ಹಳೆಯದು ನಾಲ್ಕು ನಿಮಿಷ.

ಮಾರ್ಚ್ ೧೪, ಬೆಳಿಗ್ಗೆ

ಹಳೆಯದು ಏಳಲಿಲ್ಲ. ನಿನ್ನೆಯ ನಾಲ್ಕೇ ಕೊನೆ. ಅಕ್ಕ ಅದರಲ್ಲಿ ಕೊನೆಗೆ ಹೇಳಿದ್ದೇನೆಂದು ನೆನಪು ಮಾಡಿಕೊಂಡೆ. “ಹಾಲು ಮುಗಿದಿದೆ.”

ಮಾರ್ಚ್ ೧೯

ಐದು ದಿನ ಬರೆದಿಲ್ಲ. ಮನೆಯಲ್ಲೂ ಮಾತಿಲ್ಲ. ಸ್ಲೇಟಿದೆ, ಆದರೆ ಸ್ಲೇಟು ನೋಡಲು ನಾನು ತಲೆಯೆತ್ತಬೇಕು. ದನಿಯಾದರೆ ಬೆನ್ನಿಗೂ ಕೇಳಿಸುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಬೆನ್ನಿಗೆ ಕೇಳಿಸುವ ಮಾತೇ ಹೆಚ್ಚು ಎಂದು ಈಗ ತಿಳಿಯಿತು.

ಪ್ರೆಸ್ಸಿನಿಂದ ಗೂಬೆಗೆ ಬರೆದಿದ್ದೆ. “ವಿಚಿತ್ರ. ಸಾಲು ಸರಿಯಾಗಿದೆ. ಸಂಖ್ಯೆ ಖಚಿತವೇ?” ಎಂದು ಕೇಳಿದ. ಖಚಿತ ಎಂದೆ. ಮೂವತ್ತು ವರ್ಷ ಕರಡು ತಿದ್ದಿದವನು, ಎಂದೂ ಸೇರಿಸಿದೆ. ಅದು ಬೇಕಿರಲಿಲ್ಲ.

ಪ್ರೆಸ್ಸಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. “ಅಂಗಡಿ ಲೇಡಿನೇ ಇಟ್ಕೊಳಿ ಅಂತ ಹೇಳ್ರೀ ನಿಮ್ಮಕ್ಕಂಗೆ. ದನಿ ಯಾವ್ದಾದ್ರೇನು, ಹೇಳೋರು ಅವ್ರೇ ತಾನೆ?”

ತರ್ಕ ಸರಿಯಿದೆ. ಮನೆಗೆ ಬಂದು ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ ೨೦, ಬೆಳಿಗ್ಗೆ

ಅಕ್ಕ ನನ್ನೆದುರು ಕುರ್ಚಿ ಎಳೆದು ಕೂತಳು. ಕನ್ನಡಕ ಹಾಕಿಕೊಂಡಳು. ಗೂಬೆಗೆ ಕಳಿಸಿದ ಪತ್ರದ, ನಾನು ಪ್ರೆಸ್ಸಿನಲ್ಲಿ ತೆಗೆದು ತಂದಿದ್ದ ಪ್ರಿಂಟ್ ಕೈಗೆತ್ತಿಕೊಂಡಳು. ಸ್ಲೇಟು: ನೀನು ಓದು.

“ನಾನು ನೋಡಿದೀನಿ ಕಣೇ. ನಾಲ್ಕು ಸಲ.”

ಸ್ಲೇಟು: ಬರೆದವನೇ ನೋಡಿದ್ದು ನೋಡಿದ ಹಾಗಲ್ಲ ಅಂತ ಪ್ರೆಸ್ಸಲ್ಲಿ ಎಲ್ಲರಿಗೂ ಹೇಳೋದು ಯಾರು?

ಹೊಸ ಯಂತ್ರ ಹೊತ್ತಿಸಿ ಪರದೆಯಿಂದ ಅದರ ಸಂಖ್ಯೆ ಓದಿದೆ. ಗಟ್ಟಿಯಾಗಿ, ಹಿಂದೆ ಅವಳು ಓದುತ್ತಿದ್ದ ಹಾಗೆ.

“ಮೂರು.”

ಮೇಜಿನ ಮೇಲೆ ಬೆರಳು. ಒಂದು ತಟ್ಟು.

“ಎಂಟು.”

ಒಂದು.

“ಆರು.”

ಎರಡು.

ನಿಲ್ಲಿಸಿದೆ. ಮತ್ತೆ ಓದಿದೆ. ಆರು. ಮತ್ತೆ ಎರಡು ತಟ್ಟು. ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಸಲ ಹಾಗೆ ತಟ್ಟಿರಬಹುದು. ಆ ಸದ್ದು ಎದುರು ಕೂತವರಿಗೆ ಹೇಗೆ ಕೇಳಿಸುತ್ತದೆ ಎಂದು ಇವತ್ತಿನವರೆಗೆ ಗೊತ್ತಿರಲಿಲ್ಲ.

ನೋಟ್‌ಬುಕ್ ತೆಗೆದೆವು. ಪ್ರೆಸ್ಸಿನ ಪುಟಸಂಖ್ಯೆ ಬರೆಯುವ ಚಾಳಿ, ನಾನು ಅದನ್ನು ಕನ್ನಡ ಅಂಕಿಯಲ್ಲಿ ಇಳಿಸಿಕೊಂಡಿದ್ದೆ. ೩೮೬, ಮುಂದೆ ‘ಬಿ’. ನನ್ನ ಅವಸರದ ಕೈಯಲ್ಲಿ ೬ಕ್ಕೂ ೯ಕ್ಕೂ ಬಾಲದ ತುದಿಯಷ್ಟೇ ವ್ಯತ್ಯಾಸ. ಟೈಪ್ ಮಾಡುವಾಗ ಒಂಬತ್ತು ಎಂದು ಓದಿಕೊಂಡಿದ್ದೆ. ಆಮೇಲೆ ನಾಲ್ಕು ಸಲವೂ ಪತ್ರವನ್ನು ಈ ನೋಟ್‌ಬುಕ್ಕಿನ ಜೊತೆಗೇ ತಾಳೆ ನೋಡಿದ್ದೆ. ನನ್ನ ಜೊತೆ ನನ್ನನ್ನೇ.

ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡಳು. ಭುಜ ಕುಲುಕುತ್ತಿತ್ತು. ನಗು. ಸದ್ದಿಲ್ಲದೆಯೂ ಪೂರ್ತಿ ನಗು.

ಮಾರ್ಚ್ ೨೧

ಗೂಬೆಗೆ ಬರೆದೆ. ತಪ್ಪು ನನ್ನದು, ಅಂಕಿ ಆರು, ನಮ್ಮ ಲಿಪಿಯಲ್ಲಿ ಹೀಗೆ. ನೋಟ್‌ಬುಕ್ಕಿನ ಫೋಟೋ ಕೂಡ ಕಳಿಸಿದೆ. ಬೈಯಬಹುದು ಎಂದುಕೊಂಡೆ. ಎರಡು ವಾರ ಹಾಳು ಮಾಡಿದ್ದೇನೆ.

ಒಂದು ಗಂಟೆಯಲ್ಲಿ ಉತ್ತರ. “ಇವು ಅಂಕಿಗಳೇ? ಎಷ್ಟು ಚೆನ್ನಾಗಿವೆ. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವನ್ನೂ ಬರೆದು ಕಳಿಸುತ್ತೀಯಾ? ಫೈಲು ನಾಡಿದ್ದು.”

ಬರೆದು ಕಳಿಸಿದೆ. ನಿಧಾನವಾಗಿ, ಒಳ್ಳೆಯ ಕೈಯಲ್ಲಿ.

ಮಾರ್ಚ್ ೨೩, ಬೆಳಿಗ್ಗೆ ಹನ್ನೊಂದು

ಪೆನ್ ಡ್ರೈವ್. ಫೈಲು. ಆರಿಸಿ ಹೊತ್ತಿಸಿದೆ. ಸಾಲುಗಳು ಮೇಲಕ್ಕೆ. ಅವುಗಳಲ್ಲಿ ಒಂದು ಈಗ ನಮ್ಮದು. ಯಾವುದೆಂದು ಕಣ್ಣಿಗೆ ಸಿಗಲಿಲ್ಲ.

ಸ್ಪೀಕರಿನಿಂದ ಒಂದು ಸಣ್ಣ ‘ಟಕ್’. ಯಾರೋ ಪಕ್ಕದ ಕೋಣೆಯಲ್ಲಿ ಎದ್ದು ಕೂತ ಹಾಗೆ.

ಅಕ್ಕನನ್ನು ಕರೆದೆ. ಬೀನ್ಸ್ ಬಿಡಿಸುತ್ತಿದ್ದಳು. ಕೈಯೊರೆಸಿಕೊಂಡು ಬಂದಳು, ನಿಂತೇ ಟೈಪ್ ಮಾಡಿದಳು.

“ಆರು. ಒಂಬತ್ತಲ್ಲ. ಪೂರ್ಣವಿರಾಮ.”

ಅವಳ ದನಿ. ಆದರೆ ಹಳೆಯದರಲ್ಲಿ ಕೇಳುತ್ತಿದ್ದ ದನಿಯಲ್ಲ. ಆ ಸ್ಪೀಕರು ಅರ್ಧವನ್ನು ನುಂಗಿಬಿಡುತ್ತಿತ್ತು ಎಂದು ಕಾಣುತ್ತದೆ. ಇದರಲ್ಲಿ ಪದದ ಮುಂಚೆ ಅವಳು ಉಸಿರೆಳೆದುಕೊಳ್ಳುವುದೂ ಇದೆ. ಮತ್ತು ಪದದ ಹಿಂದೆ, ದೂರದಲ್ಲಿ, ಒಂದು ಬಡಿತ. ಧಡ್, ಧಡ್. ಏನೆಂದು ತಕ್ಷಣ ಹೊಳೆಯಲಿಲ್ಲ. ರೆಕಾರ್ಡ್ ಮಾಡಿದ್ದು ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ. ಆಚೆ ಮುದ್ರಣಯಂತ್ರ ಓಡುತ್ತಿತ್ತು. ಅದನ್ನು ಮಾರಿ ಎರಡು ವರ್ಷವಾಯಿತು. ಇಲ್ಲಿ ಓಡುತ್ತಲೇ ಇದೆ, ಎರಡು ಸಾವಿರದ ಮುನ್ನೂರ ನಲವತ್ತು ಪದಗಳ ಹಿಂದೆ.

ಇಬ್ಬರೂ ಕೇಳಿದೆವು. ಅವಳು ಇನ್ನೊಂದು ಪದ ಒತ್ತಿದಳು, ಅದರ ಅರ್ಥಕ್ಕಲ್ಲ, ಬಡಿತ ಕೇಳಲು. ‘ಕಿಟಕಿ’. ಆಮೇಲೆ ‘ನಾಳೆ’. ಆಮೇಲೆ ‘ಉಪ್ಪು’. ಬೀನ್ಸ್ ಹಾಗೇ ಬಿದ್ದಿತ್ತು.

ಮಾರ್ಚ್ ೨೪, ಬೆಳಿಗ್ಗೆ

ಇವತ್ತು ಹೊಸದರಲ್ಲೇ ಪತ್ರ. ವೈ-ಫೈಯೂ ಎದ್ದಿದೆ. ಗೂಬೆ ಬರೆದಿದ್ದಾನೆ: ಸಾಲು ಮುಂದಿನ ಆವೃತ್ತಿಯಲ್ಲಿ ಎಲ್ಲರಿಗೂ ಹೋಗುತ್ತದೆ. ಇದೇ ಮಾದರಿ ಕೊಂಡವರಿಗೆಲ್ಲ, ಎಲ್ಲಿದ್ದರೂ, ಮೊದಲ ದಿನವೇ ಧ್ವನಿ ಬರುತ್ತದೆ. ಅವರಿಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷಿಸಿದವರ ಹೆಸರು ಜೊತೆಗೆ ದಾಖಲಾಗಬೇಕಂತೆ. ಸಹಿಯಿಲ್ಲ ಎಂದು ನಾನು ಅಂದುಕೊಂಡಿದ್ದು ಪಟ್ಟಿಯನ್ನಷ್ಟೇ ಓದಿದ್ದರಿಂದ. ಹೆಸರುಗಳೆಲ್ಲ ಬೇರೆಡೆ ಇವೆ, ಸಾಲಿಗೊಂದು.

ಅಕ್ಕನ ಹೆಸರನ್ನು ಮೊದಲು ಬರೆದಿದ್ದೇನೆ. ಅದರ ಕೆಳಗೆ ನನ್ನದು. ಇವತ್ತಾದರೂ ನಾಚಿಕೆಯಿಲ್ಲದೆ. ಕಳಿಸುವ ಮೊದಲು ಅವಳಿಂದ ಒಮ್ಮೆ ತಾಳೆ ನೋಡಿಸಬೇಕು. ಆ ಕಾಗುಣಿತದ ತಪ್ಪನ್ನೂ ಕೊನೆಯಲ್ಲಿ ಮೆಲ್ಲಗೆ ಸೇರಿಸಬೇಕು.

ಪ್ರೋಗ್ರಾಮು ತೆರೆದೇ ಇದೆ. ಅವಳು ಕೀಲಿಮಣೆಯನ್ನು ನನಗೆ ಬಿಟ್ಟುಕೊಟ್ಟು ಅಡಿಗೆಮನೆಗೆ ಹೋಗಿದ್ದಳು. ಈಗ ಹಿಂದೆಯೇ ಬಂದು ನಿಂತಿದ್ದಾಳೆ. ನನ್ನ ಭುಜದ ಮೇಲಿಂದ ಕೈ ಚಾಚಿ ಒಂದು ಪದ ಒತ್ತಿದಳು. ನಾನು ತಿರುಗಲಿಲ್ಲ, ಬೆನ್ನಿಗೇ ಕೇಳಿಸಿತು, ಹಿಂದೆ ಧಡ್, ಧಡ್ ಸಮೇತ.

“ಅಲ್ಪವಿರಾಮ.”

ಬಂದೆ ಕಣೇ ಎಂದೆ. ಮತ್ತೊಮ್ಮೆ ಒತ್ತಿದಳು. ಈ ಒಂದು ವಾಕ್ಯ ಮುಗಿಸಿ ಏಳುತ್ತೇನೆ,